ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಪೈಡರ್‌ಮ್ಯಾನ್ ಕಿಪ್ಪಾದಿಂದ ತಿರುಮಲದ ಮುಡಿಯವರೆಗೆ

ಯಹೂದಿಗಳು ತಲೆ ಮುಚ್ಚಿಕೊಳ್ಳುವ ಪದ್ಧತಿಯ ಬಗ್ಗೆ ಈಚೆಗೆ ಬಂದ ಪತ್ರಗಳೆಲ್ಲ ಒಂದರ ಪಕ್ಕ ಒಂದನ್ನು ಇಟ್ಟು ಓದಬೇಕಾದಂಥವು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟಿದ್ದೇವೆ. ದೀರ್ಘವಾದ ಪತ್ರಗಳ ಸಾರಾಂಶವನ್ನಷ್ಟೇ ಇಲ್ಲಿ ಕೊಡಲಾಗಿದೆ.

ಪ್ರಶ್ನೆ: ಮಗನ ಸಹಪಾಠಿಯ ಬಾರ್ ಮಿಟ್ಸ್ವಾಕ್ಕೆ, ಎಂದರೆ ಯಹೂದಿ ಹುಡುಗನಿಗೆ ಹದಿಮೂರು ತುಂಬಿದಾಗ ನಡೆಯುವ ಧಾರ್ಮಿಕ ಸಮಾರಂಭಕ್ಕೆ ಹೋಗಿದ್ದೆವು. ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಬಾಗಿಲಲ್ಲೇ ನನಗೂ ಮಗನಿಗೂ ಒಂದೊಂದು ನೀಲಿ ಸ್ಯಾಟಿನ್ ಟೋಪಿ ಕೊಟ್ಟರು. ಅದರ ಒಳಬದಿಯಲ್ಲಿ ಆ ಹುಡುಗನ ಹೆಸರು ಮತ್ತು ತಾರೀಖು ಅಚ್ಚಾಗಿತ್ತು. ಒಳಗೆ ನೋಡಿದರೆ ಕೆಲವು ಮಕ್ಕಳ ಟೋಪಿಯ ಮೇಲೆ ಸ್ಪೈಡರ್‌ಮ್ಯಾನ್ ಇದ್ದ, ಇನ್ನು ಕೆಲವರದರ ಮೇಲೆ ಬೇಸ್‌ಬಾಲ್ ತಂಡದ ಲಾಂಛನವಿತ್ತು. ಪೂಜೆಯ ವಸ್ತುವಿನ ಮೇಲೆ ಇಂಥ ಚಿತ್ರ ಹಾಕಲು ಹಿರಿಯರು ಹೇಗೆ ಒಪ್ಪುತ್ತಾರೆ? ನಮ್ಮ ಮನೆಗೆ ಬಂದಿರುವ ಟೋಪಿಯನ್ನು ಏನು ಮಾಡಬೇಕು?
(ನ್ಯೂಜೆರ್ಸಿಯಿಂದ ಒಬ್ಬ ಕನ್ನಡಿಗರು)

ಉತ್ತರ: ಟೋಪಿಯನ್ನು ತಾವು ಪೂಜೆಯ ವಸ್ತು ಎಂದು ಕರೆದಿದ್ದೀರಿ, ತೊಡಕು ಇರುವುದು ಆ ಮಾತಿನಲ್ಲೇ. ಯಹೂದಿಗಳ ಮೂಲ ಧರ್ಮಗ್ರಂಥವಾದ ಟೋರಾದ ಸುರುಳಿ ಪವಿತ್ರ ವಸ್ತು. ಅದು ಹಳತಾದರೆ ಎಸೆಯುವಂತಿಲ್ಲ, ಮಣ್ಣಿನಲ್ಲಿ ಹೂಳಬೇಕು. ಕಿಪ್ಪಾ ಎಂಬ ಈ ಟೋಪಿಗೆ ಅಂಥ ಸ್ಥಾನವಿಲ್ಲ. ಗಂಡಸರು ಸದಾ ತಲೆ ಮುಚ್ಚಿಕೊಂಡಿರಬೇಕೆಂಬ ಆಜ್ಞೆ ಟೋರಾದಲ್ಲಿ ಎಲ್ಲಿಯೂ ಇಲ್ಲ. ಅದು ಬಳಕೆಯಿಂದ ಬೆಳೆದು ಶತಮಾನಗಳ ನಂತರ ಕಟ್ಟಳೆಯ ಬಿಗಿ ಪಡೆದ ಪದ್ಧತಿ. ಪ್ರಾಚೀನ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿ ಹುನಾ ಎಂಬ ರಬ್ಬಿಯ, ಎಂದರೆ ಯಹೂದಿ ಧರ್ಮಗುರುವಿನ, ಪ್ರಸ್ತಾಪ ಬರುತ್ತದೆ. ದೇವಸಾನ್ನಿಧ್ಯ ತನ್ನ ತಲೆಯ ಮೇಲಿದೆ ಎಂಬ ಕಾರಣಕ್ಕೆ ಅವನು ಬರಿದಲೆಯಲ್ಲಿ ನಾಲ್ಕು ಮೊಳ ದೂರವನ್ನೂ ನಡೆಯುತ್ತಿರಲಿಲ್ಲವಂತೆ. 16ನೆಯ ಶತಮಾನದಲ್ಲಿ ಯೋಸೆಫ್ ಕಾರೋ ಬರೆದ ಧರ್ಮಸಂಹಿತೆ ಈ ನಾಲ್ಕು ಮೊಳದ ಲೆಕ್ಕವನ್ನೇ ಎಲ್ಲರಿಗೂ ನಿಯಮವಾಗಿ ವಿಧಿಸಿತು.

ಅದೇ ತಾಲ್ಮುದ್‌ನ ಇನ್ನೊಂದು ಕತೆ ನನಗೆ ಇದಕ್ಕಿಂತ ಹೆಚ್ಚು ಇಷ್ಟ. ನಹಮಾನ್ ಎಂಬ ರಬ್ಬಿ ಮಗುವಾಗಿದ್ದಾಗ, ಇವನು ಮುಂದೆ ಕಳ್ಳನಾಗುತ್ತಾನೆಂದು ಜೋಯಿಸರು ತಾಯಿಗೆ ಹೇಳಿದ್ದರು. ತಾಯಿ ಕಾರಣವನ್ನು ಮಗನಿಗೆ ತಿಳಿಸಲಿಲ್ಲ. ತಲೆಯ ಮೇಲಿನ ಬಟ್ಟೆಯನ್ನು ಮಾತ್ರ ಎಂದೂ ತೆಗೆಯಬೇಡ, ದೇವರ ಭಯ ನಿನ್ನ ಮೇಲಿರಲಿ ಎಂದು ಹೇಳಿ ಬೆಳೆಸಿದಳು. ಒಂದು ದಿನ ಅವನು ಬೇರೆಯವರ ಖರ್ಜೂರದ ಮರದ ಕೆಳಗೆ ಓದುತ್ತಾ ಕುಳಿತಿದ್ದಾಗ ತಲೆಯ ಬಟ್ಟೆ ಜಾರಿಬಿತ್ತು. ಕಣ್ಣೆತ್ತಿ ಮರ ನೋಡಿದ; ಆಸೆ ತಡೆಯಲಾಗಲಿಲ್ಲ; ಮರ ಹತ್ತಿ ಗೊನೆಯನ್ನು ಹಲ್ಲಿನಿಂದಲೇ ಕಚ್ಚಿ ಕಿತ್ತ. ಆ ಬಟ್ಟೆ ಯಾವ ಬಣ್ಣದ್ದು, ಎಷ್ಟು ಅಗಲದ್ದು ಎಂದು ಕತೆ ಹೇಳುವುದಿಲ್ಲ, ಏಕೆಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ಮುಚ್ಚಿದೆಯೋ ಇಲ್ಲವೋ ಎಂಬುದಷ್ಟೇ. ಬಟ್ಟೆಯ ರೂಪದ ಬಗ್ಗೆ ಶಾಸ್ತ್ರ ಹೀಗೆ ಸುಮ್ಮನಿದ್ದುದರಿಂದಲೇ ಆ ಜಾಗಕ್ಕೆ ಆಯಾ ಕಾಲದ ಮಾರುಕಟ್ಟೆ ನುಗ್ಗಿತು. ಮಧ್ಯ ಏಷ್ಯಾದ ಬುಖಾರಾದ ಯಹೂದಿಗಳಿಗೆ ಅಲ್ಲಿನ ಕಸೂತಿಯ ದೊಡ್ಡ ಟೋಪಿ ಒದಗಿದಂತೆ ನ್ಯೂಯಾರ್ಕಿನ ಮಗುವಿಗೆ ಸ್ಪೈಡರ್‌ಮ್ಯಾನ್ ಒದಗಿದ್ದಾನೆ.

ಸ್ಪೈಡರ್‌ಮ್ಯಾನ್ ಹೊರಗಿನವನು ಎಂದು ಹೇಳುವುದೂ ಅಷ್ಟು ಸರಿಯಲ್ಲ. ಅವನನ್ನು ಸೃಷ್ಟಿಸಿದ ಇಬ್ಬರಲ್ಲಿ ಒಬ್ಬರಾದ ಸ್ಟಾನ್ ಲೀ ಹುಟ್ಟಿದ್ದು ಸ್ಟಾನ್ಲಿ ಲೀಬರ್ ಎಂಬ ಯಹೂದಿ ಹುಡುಗನಾಗಿ. ಬೇರೆ ಪಾತ್ರಗಳಲ್ಲಿ ಅವರ ಜೊತೆಗಾರನಾಗಿದ್ದ ಚಿತ್ರಕಾರ ಜಾಕ್ ಕರ್ಬಿಯ ಮೂಲ ಹೆಸರು ಜೇಕಬ್ ಕರ್ಟ್ಸ್‌ಬರ್ಗ್. ಇಬ್ಬರೂ ಸೇರಿ ರೂಪಿಸಿದ, ಇಟ್ಟಿಗೆ ಜೋಡಿಸಿದಂಥ ಕಲ್ಲಿನ ಮೈಯ 'ಥಿಂಗ್' ಎಂಬ ಪಾತ್ರವನ್ನು ಕರ್ಬಿ 1976ರಲ್ಲಿ ಹನುಕ್ಕಾ ಎಂಬ ಯಹೂದಿ ಹಬ್ಬದ ಒಂದು ಶುಭಾಶಯ ಪತ್ರಕ್ಕಾಗಿ ಬರೆದರು. ಆ ಚಿತ್ರದಲ್ಲಿ ದೈತ್ಯನ ಬಂಡೆಯಂಥ ನೆತ್ತಿಯ ಮೇಲೆ ಪುಟ್ಟ ಕಿಪ್ಪಾ ಇದೆ, ಹೆಗಲ ಮೇಲೆ ಪ್ರಾರ್ಥನೆಯ ಶಾಲು ಇದೆ. ಅಚ್ಚಾಗುವ ಕಾಮಿಕ್ಸ್ ಪುಸ್ತಕದಲ್ಲಿ ಮಾತ್ರ ಆ ಪಾತ್ರ ಯಹೂದಿ ಎಂದು ಬಾಯಿಬಿಟ್ಟು ಹೇಳಿದ್ದು 2002ರಲ್ಲಿ. 2006ರಲ್ಲಿ ಅವನಿಗೆ ಬಾರ್ ಮಿಟ್ಸ್ವಾ ಕೂಡ ಆಯಿತು. ಕಲ್ಲಾಗಿ 'ಮರುಹುಟ್ಟು' ಪಡೆದು ಹದಿಮೂರು ವರ್ಷ ತುಂಬಿತು ಎಂಬ ಜಾಣ ಲೆಕ್ಕ ಅದಕ್ಕೆ.

ಎಲ್ಲರೂ ಇದನ್ನು ಒಪ್ಪುತ್ತಾರೆಂದಲ್ಲ. ಕಟ್ಟುನಿಟ್ಟಿನ ಪಾಠಶಾಲೆಗಳಲ್ಲಿ ಕಪ್ಪು ಮಖಮಲ್ಲಿನದಲ್ಲದೆ ಬೇರೆ ಕಿಪ್ಪಾ ನಡೆಯುವುದಿಲ್ಲ. ಸುಧಾರಣಾವಾದಿ ಸಿನಗಾಗ್‌ಗಳಲ್ಲಾದರೋ ಹೆಣ್ಣುಮಕ್ಕಳೂ ಬಣ್ಣದ ಕಿಪ್ಪಾ ಧರಿಸುತ್ತಾರೆ. ತಮ್ಮ ಮನೆಗೆ ಬಂದ ಟೋಪಿಯನ್ನು ನೆನಪಿಗಾಗಿ ಇಟ್ಟುಕೊಳ್ಳಬಹುದು. ಅಂಥ ಇನ್ನೊಂದು ಕರೆ ಬಂದಾಗ ಅದನ್ನೇ ಧರಿಸಿ ಹೋದರೂ ಯಾರೂ ತಪ್ಪೆಣಿಸುವುದಿಲ್ಲ. ಸ್ಯಾಟಿನ್ ಜಾರುವ ಬಟ್ಟೆಯಾದ್ದರಿಂದ ಎರಡು ಹೇರ್‌ಪಿನ್ ಜೊತೆಗಿರಲಿ.

ಪ್ರಶ್ನೆ: ಕಿಪ್ಪಾ, ಯಾರ್ಮುಲ್ಕೆ ಎರಡೂ ಒಂದೇ ಏನು? ಅಮೆರಿಕದ ಧಾರಾವಾಹಿಗಳಲ್ಲಿ 'ಯಾಮಕಾ' ಎಂದು ಕೇಳಿಸುತ್ತದೆ.
(ಶಿವಮೊಗ್ಗದ ಓದುಗರು)

ಉತ್ತರ: ಒಂದೇ. 'ಕಿಪ್ಪಾ' ಹೀಬ್ರೂ ಶಬ್ದ, ಗುಮ್ಮಟ ಎಂದು ಅರ್ಥ, ಬಹುವಚನ 'ಕಿಪ್ಪೋತ್'. 'ಯಾರ್ಮುಲ್ಕೆ' ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಷ್ ಭಾಷೆಯದು; ಪೋಲಿಷ್ ಭಾಷೆಯಲ್ಲೂ ಇದೇ ಶಬ್ದವಿದೆ. ಅಮೆರಿಕನ್ನರ ಬಾಯಲ್ಲಿ ನಡುವಿನ ರಕಾರ ಲಕಾರಗಳು ಕರಗಿ 'ಯಾಮಕಾ' ಆಗಿದೆ. 'ರಾಜನ ಭಯ' ಎಂಬರ್ಥದ ಅರಮಾಯಿಕ್ ಪದಗಳಿಂದ ಇದು ಬಂತೆಂದು ಭಕ್ತರು ಹೇಳುವುದುಂಟು. ಕೇಳಲು ಚೆಂದವಾಗಿದೆ, ಅಷ್ಟೆ.

ಪ್ರಶ್ನೆ: ಜೆರುಸಲೇಮ್ ಮತ್ತು ನ್ಯೂಯಾರ್ಕಿನ ಸಂಪ್ರದಾಯಸ್ಥ ಕುಟುಂಬಗಳ ಬಗೆಗಿನ ವೆಬ್ ಸರಣಿಗಳನ್ನು ನೋಡುತ್ತಿದ್ದೇವೆ. ಒಬ್ಬರ ತಲೆಯ ಮೇಲೆ ತುಪ್ಪಳದ ದೊಡ್ಡ ಚಕ್ರ, ಇನ್ನೊಬ್ಬರದು ಹಳೆಯ ಸಿನಿಮಾ ನಾಯಕನ ಕರಿ ಹ್ಯಾಟು, ಮತ್ತೊಬ್ಬರದು ಅಂಗೈಯಗಲದ ಹೆಣೆದ ಟೋಪಿ. ಇವೆಲ್ಲ ಒಂದೇ ಧರ್ಮದವೇ? ಸುಡುವ ಬೇಸಿಗೆಯಲ್ಲಿ ತುಪ್ಪಳ ಏಕೆ?
(ಮೈಸೂರಿನ ಕಾಲೇಜು ವಿದ್ಯಾರ್ಥಿಗಳು)

ಉತ್ತರ: ಧರ್ಮ ಒಂದೇ, ಬಳಗಗಳು ಬೇರೆ. ನಮ್ಮಲ್ಲಿ ಹಣೆಯ ನಾಮ, ವಿಭೂತಿ, ಅಂಗಾರ-ಅಕ್ಷತೆಗಳನ್ನು ನೋಡಿ ಮಠವನ್ನು ಊಹಿಸುವ ಹಿರಿಯರಿದ್ದಾರಲ್ಲ, ಇಸ್ರೇಲಿನಲ್ಲಿ ಅದೇ ಜಾಣ್ಮೆಯಿಂದ ತಲೆಯನ್ನು ನೋಡಿ ಪಂಥವನ್ನಷ್ಟೇ ಅಲ್ಲ, ಅವನು ಯಾವ ಪಕ್ಷಕ್ಕೆ ಮತ ಹಾಕಿರಬಹುದೆಂಬುದನ್ನೂ ಅಂದಾಜು ಮಾಡುತ್ತಾರೆ. ಕ್ರೋಶಾ ಕಡ್ಡಿಯಲ್ಲಿ ಹೆಣೆದ ಬಣ್ಣದ ಕಿಪ್ಪಾ ಧಾರ್ಮಿಕ ರಾಷ್ಟ್ರವಾದಿಗಳದು. ಅವರ ಯುವಕ ಸಂಘಗಳಲ್ಲಿ ಹುಡುಗಿಯರು ಮೆಚ್ಚಿದ ಹುಡುಗನಿಗೆಂದು ಅಂಚಿನಲ್ಲಿ ಹೆಸರು ಕೂಡಿಸಿ ಹೆಣೆದುಕೊಡುವುದೂ ಇದೆ. ಕಪ್ಪು ಮಖಮಲ್ಲು ಕಡು ಸಂಪ್ರದಾಯಸ್ಥರದು. ಬಿಳಿಯ ದೊಡ್ಡ ಹೆಣಿಗೆ ಟೋಪಿ, ನೆತ್ತಿಯಲ್ಲೊಂದು ಗೊಂಡೆ, ಸುತ್ತ ಗುರುವಿನ ನಾಮಜಪದ ಅಕ್ಷರಗಳು ಇದ್ದರೆ, ವ್ಯಾನಿನ ಮೇಲೆ ಧ್ವನಿವರ್ಧಕ ಇಟ್ಟುಕೊಂಡು ಬೀದಿಯಲ್ಲಿ ಕುಣಿಯುವ ಬ್ರೆಸ್ಲೊವ್ ಪಂಥದ ಒಂದು ಕವಲಿನವರೆಂದು ತಿಳಿಯಬೇಕು.

ನೀವು ಚಕ್ರ ಎಂದು ಕರೆದದ್ದು 'ಷ್ಟ್ರೈಮಲ್'. ಹಸೀದಿ ಎಂಬ ಕಡು ಸಂಪ್ರದಾಯಸ್ಥ ಪಂಥದ ಮದುವೆಯಾದ ಗಂಡಸರು ಸಬ್ಬತ್ ಎಂಬ ವಾರದ ವಿಶ್ರಾಂತಿಯ ದಿನ ಮತ್ತು ಹಬ್ಬದ ದಿನಗಳಲ್ಲಿ ಧರಿಸುವ, ಸೇಬಲ್ ಅಥವಾ ಮಾರ್ಟೆನ್ ಎಂಬ ಪ್ರಾಣಿಗಳ ಬಾಲದ ತುಪ್ಪಳದಿಂದ ಮಾಡಿದ ಟೋಪಿ ಇದು. ಬೆಲೆ ಸಾವಿರಾರು ಡಾಲರ್. ವಾಡಿಕೆಯಂತೆ ಅದನ್ನು ಅಳಿಯನಿಗೆ ಮಾವನ ಮನೆಯವರು ಮಾಡಿಸಿಕೊಡುತ್ತಾರೆ. ಮಳೆ ಬಂದರೆ ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ ಎಳೆದುಕೊಂಡು ಓಡುವ ಗಂಡಸರನ್ನು ಜೆರುಸಲೇಮಿನ ಬೀದಿಯಲ್ಲಿ ನೋಡಬಹುದು. ತುಪ್ಪಳದ ಟೋಪಿ ಪೂರ್ವ ಯುರೋಪಿನ ಚಳಿಯ ನಾಡಿನದು. ಜನ ಊರು ಬಿಟ್ಟರು, ಟೋಪಿಯನ್ನು ಬಿಡಲಿಲ್ಲ. 2021ರಲ್ಲಿ ಇಸ್ರೇಲ್ ಫ್ಯಾಷನ್ ಉದ್ದೇಶದ ತುಪ್ಪಳ ಮಾರಾಟವನ್ನು ನಿಷೇಧಿಸಿದಾಗಲೂ ಧಾರ್ಮಿಕ ಬಳಕೆಗೆ ವಿನಾಯಿತಿ ಉಳಿಸಿಕೊಂಡಿತು. ವಿಚಿತ್ರವೆಂದರೆ 2020ರಲ್ಲಿ ಬಂದ 'ಅನ್‌ಆರ್ಥಡಾಕ್ಸ್' ಸರಣಿಯಲ್ಲಿ ನೀವು ನೋಡಿದ ಆ ಸಾಲು ಸಾಲು ಟೋಪಿಗಳು ಕೃತಕ ತುಪ್ಪಳದವು. ಸಮುದಾಯದ ಒಳಗೆ ಎಷ್ಟೋ ವಾದಗಳಿಗೂ ಬಗ್ಗದ ಬದಲಾವಣೆಯನ್ನು ವಸ್ತ್ರವಿನ್ಯಾಸದ ಕೋಣೆ ಸದ್ದಿಲ್ಲದೆ ಮಾಡಿ ಮುಗಿಸಿತ್ತು.

ಇನ್ನು ಸಿನಿಮಾ ಹ್ಯಾಟಿನ ಸಂಗತಿ. ನಿಮ್ಮ ಹೋಲಿಕೆ ನಿಮಗೆ ಗೊತ್ತಿಲ್ಲದೆಯೇ ಗುರಿ ಮುಟ್ಟಿದೆ. ಆ ಕರಿ ಹ್ಯಾಟಿನ ಹೆಸರು 'ಫೆಡೋರಾ'. ಫ್ರೆಂಚ್ ನಾಟಕಕಾರ ವಿಕ್ಟೋರಿಯನ್ ಸಾರ್ದು 1882ರಲ್ಲಿ ಬರೆದ ಅದೇ ಹೆಸರಿನ ನಾಟಕದಲ್ಲಿ ಸಾರಾ ಬರ್ನಾರ್ಟ್ ರಾಜಕುಮಾರಿ ಫೆಡೋರಾಳ ಪಾತ್ರ ಮಾಡಿ ಇಂಥ ಮೆತ್ತನೆಯ ಹ್ಯಾಟು ಧರಿಸಿದ್ದರು. ಹ್ಯಾಟಿನ ಹೆಸರಿನ ಮೂಲ ಆ ನಾಟಕ. ಎಂದರೆ ಇಂದು ಜಗತ್ತಿನಾದ್ಯಂತ ಸಂಪ್ರದಾಯಸ್ಥ ಯಹೂದಿ ಗಂಡಸಿನ ಗುರುತಾಗಿರುವ ಹ್ಯಾಟಿನ ಹೆಸರು ಹುಟ್ಟಿದ್ದು ಪ್ಯಾರಿಸ್ಸಿನ ರಂಗಭೂಮಿಯಲ್ಲಿ, ಒಬ್ಬ ನಟಿಯಿಂದ. ಆ ನಟಿಯ ತಾಯಿ ಯಹೂದಿ ಎಂಬುದು ಕಾಕತಾಳೀಯ. ಮುಂದೆ ಅದು ಗಂಡಸರ ಪಾಲಾಗಿ, 1930-40ರ ದಶಕಗಳಲ್ಲಿ ಹಾಲಿವುಡ್ ನಾಯಕರಿಂದ ಹಿಡಿದು ಬ್ಯಾಂಕಿನ ಗುಮಾಸ್ತರವರೆಗೆ ಎಲ್ಲರ ತಲೆಯನ್ನೇರಿತು. ಮರ್ಯಾದಸ್ಥನಾಗಿ ಕಾಣಬೇಕೆಂಬ ಅದೇ ಕಾರಣಕ್ಕೆ ಯೆಶಿವಾ ಎಂಬ ಧರ್ಮಪಾಠಶಾಲೆಗಳ ವಿದ್ಯಾರ್ಥಿಗಳೂ ಅದನ್ನೇ ಧರಿಸಿದರು. 1960ರ ದಶಕದಲ್ಲಿ ಊರಿನವರೆಲ್ಲ ಹ್ಯಾಟನ್ನು ಗೂಟಕ್ಕೆ ಹಾಕಿದಾಗ ಇವರು ಮಾತ್ರ ಹಾಕಲಿಲ್ಲ. ಬರಬರುತ್ತಾ ಫ್ಯಾಷನ್ನೇ ಮಡಿಯಾಯಿತು. 1857ರಲ್ಲಿ ಇಟಲಿಯ ಅಲೆಸ್ಸಾಂಡ್ರಿಯಾದಲ್ಲಿ ಆರಂಭವಾದ ಬೊರ್ಸಲಿನೊ ಕಂಪನಿಗೆ ಇಂದಿಗೂ ಈ ಸಮುದಾಯ ಬಹಳ ದೊಡ್ಡ ಗಿರಾಕಿ. ಆ ಹ್ಯಾಟನ್ನು ಮಾಡುವುದು ಮೊಲದ ತುಪ್ಪಳದ ಫೆಲ್ಟಿನಿಂದ. ಮೊಲದ ಮಾಂಸ ತಿನ್ನಲು ನಿಷೇಧವಿದೆ, ತಲೆಯ ಮೇಲಿಡಲು ಇಲ್ಲ. ಮುಂಭಾಗವನ್ನು ಚಿವುಟಿ ತ್ರಿಕೋನವಾಗಿ ಮಡಿಸಿದ್ದರೆ ಅವನು ಲುಬಾವಿಚ್ ಪಂಥದವನು; ಅವರ ಗುರುಗಳು ಹಾಗೆ ಧರಿಸುತ್ತಿದ್ದರು. ಮುಂದಿನ ಸಲ ಸರಣಿ ನೋಡುವಾಗ ಈ ಮಡಿಕೆಯನ್ನು ಗಮನಿಸಿ.

ಪ್ರಶ್ನೆ: ಕೂದಲು ಕಾಣಬಾರದೆಂದು ಯಹೂದಿ ಗೃಹಿಣಿಯರು ಕೂದಲಿನದೇ ವಿಗ್ ಧರಿಸುತ್ತಾರೆಂದು ಓದಿ ನಗು ಬಂತು. ಆದರೆ ತಿರುಪತಿಯಲ್ಲಿ ನಾವು ಕೊಟ್ಟ ಮುಡಿಯೇ ಅಲ್ಲಿಗೆ ಹೋಗುತ್ತಿತ್ತು, ಗೊತ್ತಾದ ಮೇಲೆ ಬೀದಿಯಲ್ಲಿ ಸುಟ್ಟರು ಎಂದು ಕೇಳಿದಾಗ ನಗು ನಿಂತಿತು. ನಿಜವೇ? ಅಷ್ಟು ಅಸಹ್ಯವೇ ನಮ್ಮ ಮುಡಿ?
(ಧಾರವಾಡದ ನಿವೃತ್ತ ಶಿಕ್ಷಕಿ)

ಉತ್ತರ: ಸುಟ್ಟದ್ದು ನಿಜ, ಅಸಹ್ಯದಿಂದ ಸುಟ್ಟದ್ದಲ್ಲ. ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ.

ಗಂಡಸಿನ ಕಿಪ್ಪಾದಂತಲ್ಲದೆ, ಮದುವೆಯಾದ ಹೆಂಗಸು ಕೂದಲು ಮುಚ್ಚಿಕೊಳ್ಳುವ ನಿಯಮಕ್ಕೆ ತಾಲ್ಮುದ್ ಟೋರಾದಲ್ಲೇ ಆಧಾರ ತೋರಿಸುತ್ತದೆ. ಕಿಮ್‌ಹಿತ್ ಎಂಬ ತಾಯಿಯ ಏಳು ಮಕ್ಕಳೂ ಪ್ರಧಾನ ಅರ್ಚಕರಾದದ್ದು, ಅವಳ ಜಡೆಯನ್ನು ಮನೆಯ ತೊಲೆಗಳೂ ಕಂಡಿರಲಿಲ್ಲವೆಂಬ ಪುಣ್ಯದಿಂದ ಎಂಬ ಕತೆಯೂ ಅಲ್ಲಿದೆ. ಹೇಗೆ ಮುಚ್ಚಬೇಕೆಂಬಲ್ಲಿ ಮಾತ್ರ ದೊಡ್ಡವರಲ್ಲೇ ಒಮ್ಮತವಿಲ್ಲ. 'ಟಿಖಲ್' ಎಂಬ ತಲೆವಸ್ತ್ರ ಬೀದಿಯಲ್ಲಿ ಸುಲಭವಾಗಿ ಹಿಂದೆ ಸರಿಯುತ್ತದೆ, 'ಶೈಟಲ್' ಎಂಬ ವಿಗ್ ಸರಿಯುವುದಿಲ್ಲ, ಆದ್ದರಿಂದ ವಿಗ್ಗೇ ಮೇಲು ಎಂಬುದು ಲುಬಾವಿಚ್ ಗುರು ಮೆನಾಹೆಮ್ ಮೆಂಡಲ್ ಶ್ನೇರ್ಸನ್ ಅವರ ನಿಲುವು. ನಿಜಕೂದಲಿಗಿಂತ ಚೆಲುವಾಗಿ ಕಾಣುವ ವಿಗ್ ಇಟ್ಟುಕೊಂಡು ಮರ್ಯಾದೆಯ ನಿಯಮ ಪಾಲಿಸಿದೆವೆನ್ನುವುದು ಸಲ್ಲದು, ಬಟ್ಟೆಯನ್ನೇ ಕಟ್ಟಬೇಕು ಎಂಬುದು ಇಸ್ರೇಲಿನಲ್ಲಿ ಸೆಫಾರ್ದಿ ಬಳಗದ ಯಹೂದಿಗಳ ಪ್ರಧಾನ ರಬ್ಬಿಯಾಗಿದ್ದ ಓವಾದಿಯಾ ಯೋಸೆಫ್ ಅವರ ನಿಲುವು. ತಮಗೆ ಬಂದ ನಗು ಹೀಗೆ ಆ ಧರ್ಮದ ಒಳಗೇ ದೊಡ್ಡ ಪಂಡಿತರ ಆಕ್ಷೇಪವಾಗಿ ಇದೆ. ಸತ್ಮಾರ್‌ನಂಥ ಕೆಲವು ಹಸೀದಿ ಬಳಗಗಳಲ್ಲಿ ಮದುವೆಯ ನಂತರ ಹೆಣ್ಣು ತಲೆಯನ್ನು ಪೂರ್ತಿ ಬೋಳಿಸಿಕೊಂಡು ಅದರ ಮೇಲೆ ಮುಚ್ಚಿಕೊಳ್ಳುತ್ತಾಳೆ. ಮೈಸೂರಿನ ವಿದ್ಯಾರ್ಥಿಗಳು ನೋಡಿದ ಸರಣಿಯಲ್ಲಿ ಆ ದೃಶ್ಯಕ್ಕಾಗಿ ನಟಿ ಶಿರಾ ಹಾಸ್ ನಿಜವಾಗಿಯೂ ತಲೆ ಬೋಳಿಸಿಕೊಂಡಿದ್ದರು. ಅದೇ ಕಾಲದಲ್ಲಿ ಯೂಟ್ಯೂಬ್‌ನಲ್ಲಿ ಎರಡು ಮೂರು ಬಣ್ಣದ ಟಿಖಲ್‌ಗಳನ್ನು ಪೇಟದಂತೆ ಸುತ್ತಿ ತೋರಿಸುವ ಗೃಹಿಣಿಯರು ನೂರಾರು ಪಾಠಗಳನ್ನು ಹಾಕಿದ್ದಾರೆ. ಅವರ ಮಾತಿನಲ್ಲಿ ಹೇರಿಕೆಯ ಗೋಳಿಲ್ಲ; ಹಬ್ಬಕ್ಕೆ ಸೀರೆ ಆರಿಸುವವರ ಉತ್ಸಾಹವಿದೆ.

ಈಗ ತಿರುಮಲದ ವಿಷಯ. ಅಲ್ಲಿ ಕಲ್ಯಾಣಕಟ್ಟೆಯಲ್ಲಿ ಭಕ್ತರು ಕೊಟ್ಟ ಮುಡಿಯನ್ನು ದೇವಸ್ಥಾನ ಹರಾಜಿನಲ್ಲಿ ಮಾರುತ್ತದೆ. ಬಣ್ಣ, ರಾಸಾಯನಿಕ ತಾಗದ ನೀಳ ಕೂದಲಾದ್ದರಿಂದ ಅದಕ್ಕೆ ವಿಗ್ ತಯಾರಕರಲ್ಲಿ ಬಲು ಬೇಡಿಕೆ. 2004ರ ಮೇ ತಿಂಗಳಲ್ಲಿ ಜೆರುಸಲೇಮಿನ ಹಿರಿಯ ರಬ್ಬಿ ಯೋಸೆಫ್ ಶಾಲೋಮ್ ಎಲ್ಯಾಶಿವ್ ಈ ಕೂದಲಿನ ವಿಗ್‌ಗಳನ್ನು ಧರಿಸಕೂಡದೆಂದು ತೀರ್ಪು ಕೊಟ್ಟರು. ಅದಕ್ಕೆ ಮುನ್ನ ಲಂಡನ್ನಿನಿಂದ ಒಬ್ಬ ರಬ್ಬಿ ತಿರುಪತಿಗೇ ಬಂದು ಮುಡಿ ತೆಗೆಯುವುದನ್ನು ಕಣ್ಣಾರೆ ನೋಡಿ ವರದಿ ಒಪ್ಪಿಸಿದ್ದರು. ಎಲ್ಯಾಶಿವ್ ಅವರ ಮುಂದಿದ್ದ ಪ್ರಶ್ನೆ ಸೂಕ್ಷ್ಮವಾದದ್ದು. ಬೇರೆ ದೇವರಿಗೆ ಅರ್ಪಿತವಾದ ವಸ್ತುವಿನಿಂದ ಯಹೂದಿ ಯಾವ ಪ್ರಯೋಜನವನ್ನೂ ಪಡೆಯುವಂತಿಲ್ಲ. ಹಾಗಾದರೆ ಮುಡಿ ಕೊಡುವುದು ಅರ್ಪಣೆಯೇ, ದರ್ಶನಕ್ಕೆ ಮುಂಚಿನ ಶುದ್ಧಿಯೇ? ಕೂದಲನ್ನು ಗರ್ಭಗುಡಿಗೆ ಒಯ್ಯುವುದಿಲ್ಲ, ಕ್ಷೌರಿಕ ಅರ್ಚಕನಲ್ಲ. ಆದರೆ ಹರಕೆ ಹೊತ್ತ ತಾಯಿಯನ್ನು ಕೇಳಿದರೆ 'ಸ್ವಾಮಿಗೆ ಮುಡಿ ಕೊಟ್ಟೆ' ಎಂದೇ ಹೇಳುತ್ತಾಳೆ. ಎಲ್ಯಾಶಿವ್ ಅವರ ತೀರ್ಪು ನಿಂತದ್ದು ಈ ಎರಡನೆಯ ಮಾತಿನ ಮೇಲೆ. ಹಾಗೆ ನೋಡಿದರೆ ಅವರು ನಮ್ಮ ಹರಕೆಯನ್ನು ಹಗುರವಾಗಿ ಕಾಣಲಿಲ್ಲ, ಅದನ್ನು ಪೂರ್ತಿ ಗಂಭೀರವಾಗಿ ತೆಗೆದುಕೊಂಡರು. ಬ್ರೂಕ್ಲಿನ್ನಿನ ಬೀದಿಯಲ್ಲಿ ಬೆಂಕಿ ಹಾಕಿದ್ದೂ ಇದರಿಂದಲೇ. ಪ್ರಯೋಜನ ಪಡೆಯಕೂಡದೆಂದ ಮೇಲೆ ಮಾರುವಂತಿಲ್ಲ, ಇನ್ನೊಬ್ಬರಿಗೆ ಉಡುಗೊರೆ ಕೊಟ್ಟು ಋಣ ಕಟ್ಟಿಕೊಳ್ಳುವಂತಿಲ್ಲ. ಸಾವಿರಾರು ಡಾಲರಿನ ವಿಗ್ ಆದರೂ ಸುಡಬೇಕು. ಅದನ್ನು ಒಪ್ಪದ ರಬ್ಬಿಗಳೂ ಇದ್ದರು, ಚರ್ಚೆ ಇಂದಿಗೂ ಮುಗಿದಿಲ್ಲ. ಅನೇಕ ಹೆಂಗಸರು ಆಗ ಕೃತಕ ಕೂದಲಿಗೋ ಟಿಖಲ್‌ಗೋ ಮರಳಿದರು.

ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ತಿರುಮಲದ ಮುಡಿಯ ಹಿಂದೆ ನೀಲಾದೇವಿಯ ಕತೆ ಇದೆಯಲ್ಲ, ಶ್ರೀನಿವಾಸನ ತಲೆಗೆ ಪೆಟ್ಟಾಗಿ ಕೂದಲಿಲ್ಲದೆ ಬರಿದಾಗಿದ್ದ ಜಾಗವನ್ನು ಮುಚ್ಚಲು ಅವಳು ತನ್ನ ಕೂದಲನ್ನೇ ತೆಗೆದುಕೊಟ್ಟ ಕತೆ. ಒಬ್ಬರ ತಲೆ ಮುಚ್ಚಲು ಇನ್ನೊಬ್ಬರ ಕೂದಲು ಎಂಬುದನ್ನು ನೋಡಿ ನಗುವ ಮುನ್ನ ನಾವೂ ಇದನ್ನು ನೆನೆಯಬಹುದು.

ಪ್ರಶ್ನೆ: ವಸ್ತ್ರವಿನ್ಯಾಸ ಓದುತ್ತಿದ್ದೇನೆ. ಕಾಲೇಜಿನ ಪ್ರದರ್ಶನಕ್ಕೆ ಷ್ಟ್ರೈಮಲ್ ಮಾದರಿಯ ಟೋಪಿ ಮತ್ತು ಉದ್ದ ಕಪ್ಪು ಕೋಟುಗಳ ವಿನ್ಯಾಸ ಮಾಡಿದರೆ ತಪ್ಪೇ?
(ಬೆಂಗಳೂರಿನ ವಿದ್ಯಾರ್ಥಿನಿ)

ಉತ್ತರ: ಈ ದಾರಿಯಲ್ಲಿ ನಿಮಗಿಂತ ಮುಂಚೆ ನಡೆದವರು ಫ್ರೆಂಚ್ ವಸ್ತ್ರವಿನ್ಯಾಸಕ ಜಾನ್ ಪಾಲ್ ಗೋಲ್ಟಿಯೆ. ನ್ಯೂಯಾರ್ಕಿನಲ್ಲಿ ಹಸೀದಿಗಳ ಉಡುಪನ್ನು ಕಂಡು ಮೆಚ್ಚಿದ ಅವರು 1993ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನೇ ಆಧರಿಸಿದ ಸಂಗ್ರಹವನ್ನು ಪ್ರದರ್ಶಿಸಿದರು. ರೂಪದರ್ಶಿಗಳು, ಹೆಂಗಸರೂ ಸೇರಿದಂತೆ, ತುಪ್ಪಳದ ಟೋಪಿ ಇಟ್ಟು, ಕೆನ್ನೆಯ ಪಕ್ಕ ಸುರುಳಿಗೂದಲು ಇಳಿಬಿಟ್ಟು, ಉದ್ದ ಕೋಟು ತೊಟ್ಟು ವೇದಿಕೆಯಲ್ಲಿ ನಡೆದರು. ಫ್ಯಾಷನ್ ಲೋಕದ ಹಲವರು ಕೊಂಡಾಡಿದರು, ಸಂಪ್ರದಾಯಸ್ಥರು ನೊಂದರು. ಹೆಣ್ಣು ಗಂಡಿನ ಉಡುಪು ತೊಡುವುದೇ ಅವರ ಧರ್ಮದಲ್ಲಿ ನಿಷಿದ್ಧ. ಜೊತೆಗೆ ಸಬ್ಬತ್ತಿನ ಉಡುಪು ವೇಷವಾಗಿತ್ತು.

ವಿನ್ಯಾಸ ಕಲೆಯಲ್ಲಿ ಕೊಡುಕೊಳ್ಳುವಿಕೆ ಪಾಪವಲ್ಲ. ಫೆಡೋರಾದ ಕತೆಯನ್ನು ಮೇಲೆ ಹೇಳಿದ್ದೇನೆ. ಆ ಸಮುದಾಯವೂ ಹೊರಗಿನಿಂದ ಧಾರಾಳವಾಗಿ ಪಡೆದಿದೆ. ಆದರೆ ಎರಡಕ್ಕೂ ಒಂದು ವ್ಯತ್ಯಾಸ ಕಾಣುತ್ತದೆ. ಫೆಡೋರಾ ಅವರ ಕೈಗೆ ಬಂದಾಗ ಯಾರ ಗುರುತೂ ಆಗಿರಲಿಲ್ಲ; ಷ್ಟ್ರೈಮಲ್ ನಿಮ್ಮ ಕೈಗೆ ಬರುವಾಗ, ನಾಜಿಗಳ ಹತ್ಯಾಕಾಂಡದಲ್ಲಿ ಬಹುಪಾಲು ಅಳಿದು, ಉಳಿದ ಕೆಲವರಿಂದ ಮತ್ತೆ ಬೆಳೆದ ಒಂದು ಜನದ ಗುರುತಾಗಿ ಬರುತ್ತದೆ. ಆ ಕೋಟಿನ ಕತ್ತರಿಕೆ, ಕಪ್ಪಿನ ಮೇಲೆ ಕಪ್ಪು ರೇಷ್ಮೆಯ ಹೊಳಪು, ಟೋಪಿಯಲ್ಲಿ ತುಪ್ಪಳ ಸುತ್ತುವ ಕ್ರಮ, ಇವನ್ನು ಅಭ್ಯಾಸ ಮಾಡಿ ನಿಮ್ಮದೇ ಆದ ರೂಪ ಕಟ್ಟಿ. ಟೋಪಿ ಮತ್ತು ಕೆನ್ನೆಯ ಸುರುಳಿಗಳನ್ನು ಒಟ್ಟಿಗೆ ತರಬೇಡಿ. ಅವೆರಡೂ ಕೂಡಿದರೆ ಕಾಣುವುದು ನಿಮ್ಮ ವಿನ್ಯಾಸವಲ್ಲ, ಒಬ್ಬ ಮನುಷ್ಯನ ಅಣಕು.

ಪ್ರಶ್ನೆ: ಕಿಪ್ಪಾ ಧರಿಸಿ ಬ್ಯಾಸ್ಕೆಟ್‌ಬಾಲ್ ಆಡುವವರ ವಿಡಿಯೋ ನೋಡಿದೆ. ಬಿದ್ದುಹೋಗುವುದಿಲ್ಲವೇ? ಸೇನೆ, ಪೊಲೀಸು ಮುಂತಾದ ಸಮವಸ್ತ್ರದ ಕೆಲಸಗಳಲ್ಲಿ ಹೇಗೆ?
(ಮಂಗಳೂರಿನ ದೈಹಿಕ ಶಿಕ್ಷಣ ಅಧ್ಯಾಪಕರು)

ಉತ್ತರ: ಕ್ಲಿಪ್ಪು, ವೆಲ್ಕ್ರೋ, ಎರಡೂ ಬದಿ ಅಂಟುವ ಟೇಪು, ಇವೇ ಉಪಾಯ. ಬಾಲ್ಟಿಮೋರಿನ ತಾಮಿರ್ ಗುಡ್‌ಮನ್ 1999ರಲ್ಲಿ, ಇನ್ನೂ ಶಾಲೆಯಲ್ಲಿದ್ದಾಗಲೇ, ಒಂದು ದೊಡ್ಡ ಕ್ರೀಡಾ ಪತ್ರಿಕೆಯಿಂದ ಬ್ಯಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡನ್‌ಗೆ ಹೋಲಿಸುವ 'ಯಹೂದಿ ಜೋರ್ಡನ್' ಎಂಬ ಬಿರುದು ಪಡೆದು ಕಿಪ್ಪಾಧಾರಿ ಆಟಗಾರನಾಗಿ ಮನೆಮಾತಾದರು. 2022ರಲ್ಲಿ ಯೆಶಿವಾ ವಿಶ್ವವಿದ್ಯಾಲಯದ ರಯಾನ್ ಟುರೆಲ್ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಎನ್‌ಬಿಎಯ ಕೆಳಹಂತದ ಲೀಗ್‌ಗೆ ಆಯ್ಕೆಯಾಗಿ ಕಿಪ್ಪಾ ತೊಟ್ಟೇ ಅಂಕಣಕ್ಕಿಳಿದರು.

ಸಮವಸ್ತ್ರದ ದಾರಿ ಅಷ್ಟು ಸಲೀಸಾಗಿರಲಿಲ್ಲ. ಅಮೆರಿಕದಲ್ಲಿ 1960ರ ದಶಕದವರೆಗೂ ಎಷ್ಟೋ ಸಂಪ್ರದಾಯಸ್ಥರು ಕಚೇರಿಯ ಬಾಗಿಲಲ್ಲಿ ಹ್ಯಾಟು ತೆಗೆದು ಬರಿದಲೆಯಲ್ಲೇ ಕೆಲಸ ಮಾಡುತ್ತಿದ್ದರು. ವಾಯುಸೇನೆಯ ಮನಶ್ಶಾಸ್ತ್ರಜ್ಞ ಸಿಮ್ಹಾ ಗೋಲ್ಡ್‌ಮನ್ ಕಿಪ್ಪಾ ತೆಗೆಯಲೊಪ್ಪದೆ ನ್ಯಾಯಾಲಯಕ್ಕೆ ಹೋದರು. 1986ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಅವರ ವಿರುದ್ಧ, ನಾಲ್ವರು ಅವರ ಪರ ನಿಂತು, ಸೇನೆಯೇ ಗೆದ್ದಿತು. ಆದರೆ ಅಷ್ಟು ಹೊತ್ತಿಗೆ ಇನ್ನೊಂದು ಕಿಪ್ಪಾದ ಕತೆ ಊರೆಲ್ಲ ಹರಡಿತ್ತು. 1983ರ ಅಕ್ಟೋಬರ್ 23ರಂದು ಬೈರೂತ್‌ನ ಸೇನಾ ವಸತಿಯ ಮೇಲೆ ನಡೆದ ಬಾಂಬ್ ದಾಳಿಯಲ್ಲಿ 241 ಅಮೆರಿಕನ್ ಯೋಧರು ಸತ್ತರು. ಅಲ್ಲಿದ್ದ ನೌಕಾಪಡೆಯ ರಬ್ಬಿ ಆರ್ನಲ್ಡ್ ರೆಸ್ನಿಕಾಫ್ ಗಾಯಾಳುಗಳ ಮುಖದ ರಕ್ತವನ್ನು ತಮ್ಮ ಕಿಪ್ಪಾದಿಂದಲೇ ಒರೆಸಿದ್ದರು. ಅದು ಹಾಳಾದದ್ದನ್ನು ಕಂಡ ಕ್ಯಾಥೊಲಿಕ್ ಪಾದ್ರಿ ಜಾರ್ಜ್ ಪುಚಿಯರೆಲ್ಲಿ ತಮ್ಮ ಸೇನಾ ಉಡುಪಿನ ಹಸಿರು ಮಚ್ಚೆಯ ಬಟ್ಟೆಯಿಂದ ಒಂದು ತುಂಡು ಹರಿದು ರಬ್ಬಿಯ ತಲೆಯ ಮೇಲಿಟ್ಟರು. ರೆಸ್ನಿಕಾಫ್ ಬರೆದ ಆ ದಿನದ ವರದಿಯನ್ನು ಅಧ್ಯಕ್ಷ ರೇಗನ್ ಸಾರ್ವಜನಿಕ ಸಭೆಯಲ್ಲಿ ಓದಿದರು. ನ್ಯಾಯಾಲಯದಲ್ಲಿ ಸೋತದ್ದು ಸಂಸತ್ತಿನಲ್ಲಿ ಗೆದ್ದಿತು: 1987ರಲ್ಲಿ ಕಾಂಗ್ರೆಸ್ ಕಾನೂನು ಮಾಡಿ, ಅಚ್ಚುಕಟ್ಟಾದ ಧಾರ್ಮಿಕ ಉಡುಪಿಗೆ ಸಮವಸ್ತ್ರದೊಂದಿಗೆ ಅವಕಾಶ ಕೊಟ್ಟಿತು.

ಪ್ರಶ್ನೆ: ಜರ್ಮನಿಯಲ್ಲಿ ಕೆಲವು ವರ್ಷಗಳ ಹಿಂದೆ ಪತ್ರಿಕೆಯೊಂದು ಮುಖಪುಟದಲ್ಲಿ ಟೋಪಿಯನ್ನೇ ಅಚ್ಚು ಹಾಕಿತ್ತೆಂದು ನೆನಪು. ಅದೇನು ಪ್ರಸಂಗ? ಇಷ್ಟು ಜನಪ್ರಿಯವಾದ ಟೋಪಿಗೆ ಅಲ್ಲಿ ಏನು ಕಷ್ಟ?
(ಮ್ಯೂನಿಕ್‌ನಲ್ಲಿ ನೆಲೆಸಿರುವ ಎಂಜಿನಿಯರ್)

ಉತ್ತರ: ತಮ್ಮ ನೆನಪು ಸರಿ. 2019ರ ಮೇ ಕೊನೆಯಲ್ಲಿ ಯಹೂದಿ ದ್ವೇಷದ ವಿರುದ್ಧ ಕೆಲಸ ಮಾಡುವ ಜರ್ಮನ್ ಸರ್ಕಾರದ ಆಯುಕ್ತ ಫೆಲಿಕ್ಸ್ ಕ್ಲೈನ್, ದೇಶದ ಎಲ್ಲ ಕಡೆ, ಎಲ್ಲ ಹೊತ್ತಿನಲ್ಲೂ ಕಿಪ್ಪಾ ಧರಿಸಿರಿ ಎಂದು ಯಹೂದಿಗಳಿಗೆ ಹೇಳಲಾರೆ ಎಂದುಬಿಟ್ಟರು. ಅದಕ್ಕೆ ಉತ್ತರವಾಗಿ, ಸಿನಿಮಾ ತಾರೆಯರ ಸುದ್ದಿಗೂ ಫುಟ್‌ಬಾಲಿಗೂ ಹೆಸರಾದ 'ಬಿಲ್ಡ್' ದಿನಪತ್ರಿಕೆ ಮೇ 27ರಂದು ಮುಖಪುಟದಲ್ಲಿ ಕತ್ತರಿಸಿ ಧರಿಸಬಹುದಾದ ಕಿಪ್ಪಾವನ್ನು ಅಚ್ಚು ಹಾಕಿತು. ಕಾಗದದ ಕಿಪ್ಪಾ ಹೊಸದಲ್ಲ; ಜೆರುಸಲೇಮಿನ ಪಶ್ಚಿಮ ಗೋಡೆಯ ಬಳಿ ಟೋಪಿ ಇಲ್ಲದೆ ಬಂದವರಿಗೆ ರಟ್ಟಿನ ಕಿಪ್ಪಾ ಕೊಡುವ ರೂಢಿಯಿತ್ತು. ಅಲ್ಲಿ ಅದು ಪ್ರಾರ್ಥನೆಗೆ, ಇಲ್ಲಿ ನೆರೆಯವನ ಪಕ್ಕ ನಿಲ್ಲಲು. ಅದಕ್ಕೂ ಒಂದು ವರ್ಷ ಮುಂಚೆ, 2018ರ ಏಪ್ರಿಲಿನಲ್ಲಿ, ಬರ್ಲಿನ್ನಿನ ಬೀದಿಯಲ್ಲಿ ಕಿಪ್ಪಾ ಧರಿಸಿದ್ದ ಯುವಕನೊಬ್ಬನಿಗೆ ಒಬ್ಬ ಬೆಲ್ಟಿನಿಂದ ಹೊಡೆದಿದ್ದ. ಏಟು ತಿಂದವನು ಯಹೂದಿಯೇ ಅಲ್ಲ, ಇಸ್ರೇಲಿನ ಅರಬ್. ಅಂದು ಟೋಪಿ ಧರಿಸಿದ್ದನಷ್ಟೇ. ಎಂಟು ದಿನಗಳ ನಂತರ ಬರ್ಲಿನ್ನಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ, ಎಲ್ಲ ಧರ್ಮದವರು, ಕಿಪ್ಪಾ ಧರಿಸಿ ಸೇರಿದರು.

ಹೀಗೆ ಒಂದು ದಿನ ಎಲ್ಲರೂ ಧರಿಸುವುದು ಸುಲಭ. ಮರುದಿನ ಬೆಳಿಗ್ಗೆ ಟ್ರ್ಯಾಮಿನಲ್ಲಿ ಒಬ್ಬನೇ ಕಿಪ್ಪಾ ಧರಿಸಿ ಕೂರುವವನ ಸ್ಥಿತಿ ಬೇರೆ. ಬೇಸ್‌ಬಾಲ್ ಕ್ಯಾಪಿನ ಕೆಳಗೆ ಕಿಪ್ಪಾ ಇಟ್ಟುಕೊಂಡು ಓಡಾಡುವವರು ಯುರೋಪಿನ ನಗರಗಳಲ್ಲಿ ಬಹಳ ಜನ ಇದ್ದಾರೆ. ಇಸ್ರೇಲಿನ ಕ್ಷೌರಿಕನೊಬ್ಬ ಇಂಥವರಿಗೆಂದೇ ಕೂದಲಿನ ಕಿಪ್ಪಾ ಮಾಡಿದ್ದಾನೆ. ಧರಿಸುವವನ ಕೂದಲಿನ ಬಣ್ಣಕ್ಕೆ ಹೊಂದಿಸಿ ನೆತ್ತಿಯ ಮೇಲೆ ಒತ್ತಿ ಕೂರಿಸಿದರೆ, ಹತ್ತಿರ ಬಂದು ನೋಡಿದರೂ ಅಲ್ಲೊಂದು ಟೋಪಿ ಇದೆಯೆಂದು ತಿಳಿಯುವುದಿಲ್ಲ.